ಕಸ್ತೂರಿ ಹೇಳಿದ್ದಳು

ನನ್ನ ಹೆಂಡತಿ ತನ್ನ ಕಾಯಿಲೆಯನ್ನು ಮುಚ್ಚಿಟ್ಟುಕೊಂಡು ಸತ್ತಳು ಎಂದು ನಮ್ಮ ಬಳಗದವರೆಲ್ಲ ನಂಬಿದ್ದಾರೆ. ಅದು ಸುಳ್ಳು. ಕಸ್ತೂರಿ ಹೇಳಿದ್ದಳು — ಮೊದಲು ನನಗೆ ಹೇಳಿದಳು, ಆಮೇಲೆ ಡಾಕ್ಟರ ಎದುರಿಗೆ ಕೂತು ಮತ್ತೊಮ್ಮೆ ಹೇಳಿದಳು. ಆಕೆ ಹೇಳಿದ್ದು ಕನ್ನಡದಲ್ಲಿ. ಡಾಕ್ಟರಿಗೆ ತಿಳಿಯುತ್ತಿದ್ದದ್ದು ಮರಾಠಿ. ನಡುವೆ ಕೂತವನು ನಾನು. ಆಕೆಯ ಮಾತನ್ನು ನಾನು ಅವರಿಗೆ ಮುಟ್ಟಿಸಲಿಲ್ಲ. ಮುಟ್ಟಿಸಿದ್ದೇನೆ ಎಂದು ಆಕೆಗೆ ಸುಳ್ಳು ಹೇಳಿದೆ. ಆಕೆ ಹೋದ ಮೇಲೆ ಜನ ಆಕೆಯ ಮೇಲೆ ತಪ್ಪು ಹೊರಿಸುವಾಗ ಸುಮ್ಮನೆ ತಲೆಯಾಡಿಸಿದೆ.

ಇಷ್ಟೇ ವಿಷಯ. ಆದರೆ ಇಷ್ಟನ್ನು ಬರೆಯಲು ನನಗೆ ಆರು ವರ್ಷ ಬೇಕಾಯಿತು.

ನಾವು ಬೈಲಹೊಂಗಲದ ಕಡೆಯವರು. ಮದುವೆಯಾದ ಹೊಸತರಲ್ಲೇ ಪುಣೆಗೆ ಬಂದೆವು. ಮನೆ ಖಡಕಿಯಲ್ಲಿ, ಕೆಲಸ ರಾಂಜಣಗಾಂವದ ಒಂದು ಕಾರ್ಖಾನೆಯ ಉಗ್ರಾಣದಲ್ಲಿ. ಬೆಳಿಗ್ಗೆ ಕಂಪನಿಯ ಬಸ್ಸು ಹತ್ತಿದರೆ ತಿರುಗಿ ಮನೆ ಮುಟ್ಟುವ ಹೊತ್ತಿಗೆ ದೀಪ ಹಚ್ಚಿಯಾಗಿರುತ್ತಿತ್ತು. ಬಸ್ಸಿನಲ್ಲಿ, ಕಾರ್ಖಾನೆಯಲ್ಲಿ, ಚಹದ ಅಂಗಡಿಯಲ್ಲಿ ಎಲ್ಲ ಮರಾಠಿಯೇ. ಬೇಗ ಕಲಿತೆ. ಊರಿನಿಂದ ಬಂದವರು ‘ನೀ ಮಾತಾಡಿದ್ರ ಇಲ್ಲೇ ಹುಟ್ಟಿದಾಂವ ಅನಸ್ತದ’ ಎಂದರೆ ಎದೆಯುಬ್ಬುತ್ತಿತ್ತು. ಕಸ್ತೂರಿ ಮನೆಯಲ್ಲಿರುತ್ತಿದ್ದಳು. ನಮ್ಮ ಓಣಿಯಲ್ಲಿ ಧಾರವಾಡ, ಬೆಳಗಾವಿ ಕಡೆಯ ನಾಲ್ಕಾರು ಮನೆಗಳಿದ್ದವು. ಆಕೆಯ ಮಾತುಕತೆ ಅವರೊಂದಿಗೆ. ಮರಾಠಿ ಎಂದರೆ ಆಕೆಗೆ ಕಾಯಿಪಲ್ಲೆಯ ಹೆಸರು, ರೇಟು — ಅಷ್ಟೇ.

ಅಷ್ಟೇ ಎಂದು ಬರೆದೆ. ಅದೂ ಪೂರ್ತಿ ನಿಜವಲ್ಲ. ಆಕೆ ಕಲಿಯಲು ಹೊರಟಿದ್ದಳು. ಬಂದ ಎರಡನೆಯ ವರ್ಷ ನನ್ನ ಜೊತೆ ಕೆಲಸ ಮಾಡುವವನೊಬ್ಬ ಹೆಂಡತಿಯನ್ನು ಕರೆದುಕೊಂಡು ಮನೆಗೆ ಬಂದ. ಕಸ್ತೂರಿ ಚಹ ಕೊಡುತ್ತ, ಆ ಹೆಣ್ಣುಮಗಳ ಜೊತೆ ನಾಲ್ಕು ಮಾತು ಮರಾಠಿಯಲ್ಲಿ ಜೋಡಿಸಿ ಆಡಿದಳು. ತಪ್ಪಿತ್ತು, ಆದರೆ ತಿಳಿಯುವಂತಿತ್ತು. ಬಂದಾಕೆ ನಗುನಗುತ್ತ ಉತ್ತರವನ್ನೂ ಕೊಟ್ಟಳು. ನಾನು ಸುಮ್ಮನಿರಬೇಕಿತ್ತು. “ನಿನ್ನ ಮರಾಠಿ ಕೇಳಿದ್ರ ತಬೇಲಾದಾಗಿನ ಎಮ್ಮಿನೂ ನಕ್ಕಾವು. ನೀ ಒಳಗ ನಡಿ, ಭಜಿ ಸುಡ್ಲಿಕತ್ತಾವು ನೋಡು,” ಎಂದೆ. ಅದನ್ನೇ ಮರಾಠಿಯಲ್ಲಿ ಅತಿಥಿಗಳಿಗೂ ಹೇಳಿ ನಗಿಸಿದೆ. ಕಸ್ತೂರಿಯೂ ನಕ್ಕಳು. ಒಳಗೆ ಹೋದಳು. ಆಮೇಲೆ ನನ್ನೆದುರಿಗೆ ಆಕೆ ಮರಾಠಿಯ ಒಂದು ಮಾತನ್ನೂ ಆಡಿದ್ದು ನನಗೆ ನೆನಪಿಲ್ಲ — ಆಸ್ಪತ್ರೆಗೆ ಸೇರುವವರೆಗೆ.

ಹೀಗೆ ಬ್ಯಾಂಕಿನಲ್ಲಿ, ರೇಶನ್ ಅಂಗಡಿಯಲ್ಲಿ, ಮಗಳು ಸವಿತಾಳ ಶಾಲೆಯಲ್ಲಿ, ಎಲ್ಲ ಕಡೆ ಆಕೆಯ ಪರವಾಗಿ ನಾನೇ ಮಾತಾಡಿದೆ. ಅದನ್ನು ನಾನು ಹೆಂಡತಿಯ ಮೇಲಿನ ಕಾಳಜಿ ಎಂದುಕೊಂಡಿದ್ದೆ.

ಆಕೆ ಹೋಗುವ ಹಿಂದಿನ ವರ್ಷ ಆಷಾಢದಲ್ಲಿ, ನಾನು ಕೆಲಸಕ್ಕೆ ಹೊರಡಲು ಬೂಟು ಹಾಕಿಕೊಳ್ಳುತ್ತಿದ್ದಾಗ ಬಾಗಿಲ ಹತ್ತಿರ ಬಂದು ನಿಂತಳು. “ರೀ, ನಿಂತಿದ್ದು ಮತ್ತ ಸುರು ಆಗೇದ. ರಕ್ತ ಹೋಗ್ಲಿಕತ್ತದ.” ಆಕೆಗೆ ಮುಟ್ಟು ನಿಂತು ವರ್ಷಗಳಾಗಿದ್ದವು. ನಾನು ಲೇಸು ಕಟ್ಟುತ್ತಲೇ, “ಉಷ್ಣ ಆಗಿರಬೇಕು. ಮಜ್ಜಿಗಿ ಕುಡಿ,” ಎಂದೆ. ಮತ್ತೆ ಹೇಳಿದಳು, ಶ್ರಾವಣದಲ್ಲಿ. ಕಿಬ್ಬೊಟ್ಟೆಯಲ್ಲಿ ನೋವೂ ಇದೆ ಎಂದಳು. ಗಣಪತಿ ಹಬ್ಬ ಮುಗಿಯಲಿ ಎಂದೆ. ಹಬ್ಬ ಮುಗಿದ ಮೇಲೆ ಆಕೆಯೇ ಕೇಳಿದಳು.

“ಹೆಣ್ಣ ಡಾಕ್ಟರ ಕಡೆ ಹೋಗೂಣೇನ್ರಿ? ನಿಮಗ ತ್ರಾಸ ಬ್ಯಾಡ. ಸವಿತಾ ಬರ್ತಾಳ, ಆಕಿಗೆ ಮರಾಠಿ ಚಲೋ ಬರ್ತದ.”

ಸವಿತಾ ಆಗಲೇ ಮದುವೆಯಾಗಿ ಪುಣೆಯ ಕೋಥರೂಡದಲ್ಲೇ ಇದ್ದಳು. ಒಂದು ಫೋನ್ ಮಾಡಿದ್ದರೆ ಸಾಕಿತ್ತು.

“ಮಗಳ ಮುಂದ ಇಂಥಾದ್ದೆಲ್ಲಾ ಏನ ಮಾತಾಡ್ತಿ? ನಮ್ಮ ಡಾಕ್ಟರ ಇದ್ದಾರಲ್ಲ, ಗುರುತಿನವರು. ನಾ ಕರಕೊಂಡ ಹೋಗ್ತೀನಿ.”

ನಮ್ಮ ಡಾಕ್ಟರೆಂದರೆ ಓಣಿಯ ತಿರುವಿನಲ್ಲಿ ಚಿಕ್ಕ ದವಾಖಾನೆ ಇಟ್ಟುಕೊಂಡವರು. ಒಳ್ಳೆಯ ಮನುಷ್ಯ, ಅವರ ತಪ್ಪು ಇದರಲ್ಲಿ ಏನೂ ಇಲ್ಲ. ದವಾಖಾನೆ ಎಂದರೆ ಒಂದೇ ಕೋಣೆ. ನಡುವೆ ಒಂದು ಹಸಿರು ಪರದೆ. ಪರದೆಯ ಈಚೆ ಡಾಕ್ಟರು, ಆಚೆ ಬೆಂಚಿನ ಮೇಲೆ ಕಾಯುವವರು. ಅಂದು ಬೆಂಚಿನ ಮೇಲೆ ನಮ್ಮ ಕಂಪನಿ ಬಸ್ಸಿನಲ್ಲಿ ಬರುವ ಪಾಟೀಲ ಕೂತಿದ್ದ. ಒಳ್ಳೆಯ ಹರಟೆಮಲ್ಲ. ಬಸ್ಸಿನಲ್ಲಿ ಒಬ್ಬೊಬ್ಬರ ಮನೆಯ ಸುದ್ದಿ ತೆಗೆದು ಎಲ್ಲರನ್ನೂ ನಗಿಸುವವನು. ನನ್ನನ್ನು ಕಂಡು ಕೈ ಎತ್ತಿದ.

ಒಳಗೆ ಹೋಗಿ ಕೂತೆವು. ಏನು ತ್ರಾಸ ಎಂದು ಡಾಕ್ಟರು ಮರಾಠಿಯಲ್ಲಿ ಕೇಳಿದರು. ನಾನು ಕಸ್ತೂರಿಯ ಕಡೆ ತಿರುಗಿದೆ. ಆಕೆ ಸೆರಗು ಹೊದ್ದುಕೊಂಡು, ತಲೆ ತಗ್ಗಿಸಿ, ಆದರೆ ಸ್ಪಷ್ಟವಾಗಿ ಹೇಳಿದಳು — ನಿಂತದ್ದು ಮತ್ತೆ ಶುರುವಾಗಿದೆ, ಆಷಾಢದಿಂದ ರಕ್ತ ಹೋಗುತ್ತಿದೆ, ಕಿಬ್ಬೊಟ್ಟೆ ನೋಯುತ್ತದೆ, ನಿಶ್ಶಕ್ತಿ. ಏನನ್ನೂ ಬಿಡಲಿಲ್ಲ. ಎಂದೂ ಗಂಡಸರೆದುರು ಇಂಥ ಮಾತು ಆಡಿದವಳಲ್ಲ. ಬರುವಾಗ ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದಿರಬೇಕು.

ನಾನು ಡಾಕ್ಟರ ಕಡೆ ತಿರುಗಿದೆ. ಮಾತು ನನಗೆ ಗೊತ್ತಿತ್ತು. ಮರಾಠಿಯಲ್ಲಿ ಅದನ್ನು ಹೇಗೆ ಹೇಳುತ್ತಾರೆ ಎನ್ನುವುದು ಗೊತ್ತಿತ್ತು. ಪರದೆಯ ಆಚೆ ಪಾಟೀಲ ಕೆಮ್ಮಿದ. ನನ್ನ ಬಾಯಿಂದ ಬಂದದ್ದು ಇಷ್ಟು — ಹೊಟ್ಟೆ ನೋವು, ಡಾಕ್ಟರ್, ನಿಶ್ಶಕ್ತಿ ಇದೆ, ಊಟ ಸರಿಯಾಗಿ ಸೇರುವುದಿಲ್ಲ.

ಊಟ ಸೇರುವುದಿಲ್ಲ ಎಂದು ಆಕೆ ಹೇಳಿಯೇ ಇರಲಿಲ್ಲ. ಬಿಟ್ಟ ಜಾಗ ತುಂಬಲು ನಾನೇ ಸೇರಿಸಿದೆ.

ಡಾಕ್ಟರು ಹೊಟ್ಟೆ ಒತ್ತಿ ನೋಡಿದರು. ಆಮ್ಲಪಿತ್ತದ ಗುಳಿಗೆ, ಶಕ್ತಿಯ ಗುಳಿಗೆ ಬರೆದರು. ಖಾರ ಕಡಿಮೆ ಮಾಡಿ ಎಂದರು. ಅದನ್ನು ಮಾತ್ರ ನಾನು ಚಾಚೂ ತಪ್ಪದೆ ಕನ್ನಡದಲ್ಲಿ ಹೇಳಿದೆ.

ಮನೆಗೆ ನಡೆದು ಬರುವಾಗ ಆಕೆ ಕೇಳಿದಳು, “ಎಲ್ಲಾ ಹೇಳಿದ್ರೇನ್ರಿ?”

“ಹೇಳೀನಿ.”

ಓಣಿಯ ತಿರುವು ದಾಟಿದೆವು. ಆಮೇಲೆ, “ನೀವು ಮಾತಾಡುಮುಂದ ನಾ ಕಿವಿಗೊಟ್ಟು ಕೇಳ್ಲಿಕತ್ತಿದ್ದೆ. ರಕ್ತ ಅನ್ನೂ ಮಾತ ಬರಲಿಲ್ಲಲ್ರಿ.”

“ಮರಾಠಿಯೊಳಗ ಅದಕ್ಕ ಬ್ಯಾರೆ ಅಂತಾರ. ನಿನಗೇನ ತಿಳೀತದ?”

ಆ ಎರಡು ಮಾತುಗಳನ್ನು ನಾನು ಇವತ್ತಿಗೂ ನನ್ನದೇ ದನಿಯಲ್ಲಿ ಕೇಳಿಸಿಕೊಳ್ಳುತ್ತೇನೆ. ಬೇರೆ ಅನ್ನುವುದಿಲ್ಲ. ಅಲ್ಲೂ ರಕ್ತ, ಇಲ್ಲೂ ರಕ್ತ. ಆಕೆಯ ಕಿವಿ ಸರಿಯಾಗಿಯೇ ಇತ್ತು. ಆ ಕಿವಿಯನ್ನೇ ಆಕೆ ನಂಬದ ಹಾಗೆ ಮಾಡಿದೆ.

ಪಾಟೀಲನ ಸಲುವಾಗಿ, ಬಸ್ಸಿನ ನಗುವಿನ ಸಲುವಾಗಿ ಎಂದು ಬರೆದು ಇಲ್ಲಿಗೆ ಮುಗಿಸಬಹುದಿತ್ತು. ಆದರೆ ದೀಪಾವಳಿ ಆದ ಮೇಲೆ ನಾವು ಇನ್ನೊಮ್ಮೆ ಹೋದೆವು. ಗುಳಿಗೆ ನಾಟಿರಲಿಲ್ಲ, ನಾಟುವುದಾದರೂ ಹೇಗೆ. ಅಂದು ಬೆಂಚಿನ ಮೇಲೆ ಯಾರೂ ಇರಲಿಲ್ಲ. ಡಾಕ್ಟರು ಪುರುಸೊತ್ತಿನಲ್ಲಿದ್ದರು. ಕಸ್ತೂರಿ ಮತ್ತೆ ಎಲ್ಲವನ್ನೂ ಹೇಳಿದಳು. ಈ ಸಲ ಹೆಚ್ಚಾಗಿದೆ ಎಂದಳು. ಆಗಲೂ ನಾನು ಹೇಳಲಿಲ್ಲ. ಈಗ ಹೇಳಿದರೆ, ‘ಹೋದ ಸಲ ಯಾಕೆ ಹೇಳಲಿಲ್ಲ?’ ಎಂದು ಅವರು ಕೇಳುತ್ತಾರೆ — ಆ ಒಂದು ಪ್ರಶ್ನೆಗೆ ಹೆದರಿದೆ. ಮೊದಲನೆಯ ಸಲದ್ದು ನಾಚಿಕೆ ಇರಬಹುದು. ಎರಡನೆಯ ಸಲದ್ದಕ್ಕೆ ನನ್ನ ಬಳಿ ಅಂಥ ಹೆಸರೂ ಇಲ್ಲ.

ಸಂಕ್ರಾಂತಿಗೆ ಸವಿತಾ ಬಂದಳು. ಹಬ್ಬದ ಸಿಹಿಗೆಂದು ಮಾದಲಿ ಮಾಡಲು ಎದ್ದ ಕಸ್ತೂರಿ ಬಚ್ಚಲ ಬಾಗಿಲಲ್ಲಿ ಕುಸಿದು ಕೂತುಬಿಟ್ಟಳು. ಸೀರೆ ನೋಡಿ ಸವಿತಾ ಕೂಗಿಕೊಂಡಳು. ಅಂದೇ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಳು. ನಾನೂ ಹಿಂದೆ ಹೋದೆ.

ಅಲ್ಲಿ ಇದ್ದದ್ದು ಹೆಣ್ಣು ಡಾಕ್ಟರು. ಕಸ್ತೂರಿಯ ಕೈ ಹಿಡಿದುಕೊಂಡು ಮರಾಠಿಯಲ್ಲಿ ಕೇಳಿದರು — “ರಕ್ತ ಕಧೀಪಾಸೂನ ಜಾತಂಯ, ಮಾವ್ಶಿ?” ರಕ್ತ ಯಾವಾಗಿನಿಂದ ಹೋಗುತ್ತಿದೆ, ಚಿಕ್ಕಮ್ಮಾ.

ಸವಿತಾ ಅದನ್ನು ಕನ್ನಡದಲ್ಲಿ ಹೇಳಲು ಬಾಯಿ ತೆರೆಯುವ ಮೊದಲೇ ಕಸ್ತೂರಿ ಕತ್ತು ತಿರುಗಿಸಿ ನನ್ನನ್ನು ನೋಡಿದಳು.

ಅವಳಿಗೆ ತಿಳಿಯಿತು. ಆ ನೋಟದಲ್ಲಿ ಸಿಟ್ಟಿತ್ತೇ, ಏನಿತ್ತು — ನಾನು ಬಹಳ ಸಲ ನೆನಪು ಮಾಡಿಕೊಳ್ಳಲು ನೋಡಿದ್ದೇನೆ. ಆಗುವುದಿಲ್ಲ. ಯಾಕೆಂದರೆ ನಾನು ಕೂಡಲೇ ಕಣ್ಣು ಕೆಳಗೆ ಹಾಕಿದ್ದೆ.

“ಆಷಾಢದಿಂದ,” ಎಂದಳು.

“ಆಷಾಢದಿಂದ?” ಸವಿತಾಳ ದನಿ ಏರಿತು. “ಇಷ್ಟ ದಿನಾ ಯಾಕ ಹೇಳಲಿಲ್ಲವ್ವಾ? ಅಪ್ಪಾ ಎರಡ ಸಲ ಡಾಕ್ಟರ ಕಡೆ ಕರಕೊಂಡ ಹೋಗಿದ್ರಲ್ಲ, ಅಲ್ಲೆ ಹೇಳಲಿಕ್ಕೇನಾಗಿತ್ತು ನಿನಗ?”

ನಾನು ಅಲ್ಲೇ ಇದ್ದೆ. ಮಂಚದ ಕಾಲ ಹತ್ತಿರ. ನಾನು ಮಾತಾಡಬೇಕಾದ ಹೊತ್ತು ಅದು. ಕಸ್ತೂರಿ ಸ್ವಲ್ಪ ಕಾದಳು — ನನಗಾಗಿ ಕಾದಳು ಎಂದು ಈಗ ಅನಿಸುತ್ತದೆ. ಆಮೇಲೆ ಗೋಡೆಯ ಕಡೆ ನೋಡುತ್ತ, “ಗಂಡಸ ಡಾಕ್ಟರಲ್ಲೇನವಾ. ನಾಚಿಕಿ ಆತು,” ಎಂದಳು.

ನಾಚಿಕೆ ನನ್ನದು. ಅದನ್ನು ಆಕೆ ತನ್ನದು ಮಾಡಿಕೊಂಡಳು. ನಾನು ಕೊಟ್ಟೆ.

ಗರ್ಭಕೋಶದ ಕ್ಯಾನ್ಸರು ಎಂದರು. ಬಹಳ ಹರಡಿದೆ ಎಂದರು. ಮೊದಲೇ ಬಂದಿದ್ದರೆ ಏನಾಗುತ್ತಿತ್ತು ಎಂದು ನಾನು ಯಾವ ಡಾಕ್ಟರನ್ನೂ ಕೇಳಲಿಲ್ಲ. ಬದುಕುತ್ತಿದ್ದಳೋ, ಇನ್ನೆರಡು ವರ್ಷ ಇರುತ್ತಿದ್ದಳೋ, ಅಥವಾ ಹೀಗೇ — ಕೇಳಿದ್ದರೆ ಏನಾದರೊಂದು ಉತ್ತರ ಸಿಗುತ್ತಿತ್ತು. ಆ ಉತ್ತರ ಇಟ್ಟುಕೊಂಡು ಬದುಕುವ ಧೈರ್ಯ ನನಗಿರಲಿಲ್ಲ.

ಸವಿತಾ ರಜೆ ಹಾಕಿ ತಾಯಿಯ ಸೇವೆ ಮಾಡಿದಳು. ಯಾವುದರಲ್ಲೂ ಕಡಿಮೆ ಮಾಡಲಿಲ್ಲ. ಆದರೆ ಸಿಟ್ಟು ಬಿಡಲಿಲ್ಲ. ಗಂಜಿ ಕುಡಿಸುತ್ತ, ತಲೆ ಬಾಚುತ್ತ, ಏನಾದರೊಂದು ಅನ್ನುತ್ತಿದ್ದಳು. “ಓದಿದ ಮಗಳು ಇಲ್ಲೇ ಅದಾಳ, ಒಂದ ಫೋನ್ ಮಾಡಲಿಕ್ಕೆ ನಿನಗ ಕೈ ಬರಲಿಲ್ಲ.” ಕಸ್ತೂರಿ, “ಆತು ಬಿಡವಾ, ನನ್ನದಽ ತಪ್ಪು,” ಅನ್ನುತ್ತಿದ್ದಳು. ನಾನು ಔಷಧ ತರುವ ನೆವ ಮಾಡಿ ಕೆಳಗಿಳಿದು ಹೋಗುತ್ತಿದ್ದೆ.

ಆಸ್ಪತ್ರೆಯಲ್ಲಿ ಇನ್ನೊಂದು ನಡೆಯಿತು. ಮೊದಲ ದಿನ ನರ್ಸು ಬಂದು ಏನೋ ಕೇಳಿದಾಗ, ರೂಢಿಯಂತೆ ನಾನು ಮುಂದೆ ಬಂದೆ. ಕಸ್ತೂರಿ ಕೈ ಅಡ್ಡ ಹಿಡಿದಳು. “ನೀವು ಸುಮ್ಮಿರ್ರಿ. ನಾ ಹೇಳ್ತೀನಿ.” ತುಂಡು ತುಂಡು ಮರಾಠಿಯಲ್ಲಿ, ನಡುನಡುವೆ ಕನ್ನಡ ಹಾಕಿ, ಕೈಯಿಂದ ತೋರಿಸಿ, ಎಲ್ಲಿ ನೋವು, ಯಾವಾಗ ಹೆಚ್ಚು, ಎಲ್ಲ ಹೇಳಿದಳು. ನರ್ಸಿಗೆ ಎಲ್ಲ ತಿಳಿಯಿತು. ಯಾರೂ ನಗಲಿಲ್ಲ. ಪಕ್ಕದ ಮಂಚದಲ್ಲಿ ಜುನ್ನರ ಕಡೆಯ ಮುದುಕಿಯೊಬ್ಬಳಿದ್ದಳು. ದಿನ ಕಳೆದಂತೆ ಕಸ್ತೂರಿ ಆಕೆಯೊಂದಿಗೆ ಸೊಸೆಯಂದಿರ ವಿಷಯ, ಉಪ್ಪಿನಕಾಯಿಯ ವಿಷಯ ಮಾತಾಡತೊಡಗಿದಳು. ಒಮ್ಮೆ ಇಬ್ಬರೂ ನನ್ನ ಕಡೆ ನೋಡಿ ನಕ್ಕರು. ಏನು ಎಂದು ನಾನು ಕೇಳಿದೆ. “ಏನಿಲ್ಲ. ಈ ಅಜ್ಜಿ, ನಿನ್ನ ಗಂಡ ಮೂಕ ಅದಾನೇನು ಅಂತ ಕೇಳಿದ್ಲು,” ಎಂದಳು ಕಸ್ತೂರಿ.

ಆಕೆಯ ಬಾಯಿ ಎಂದೂ ಮುಚ್ಚಿರಲಿಲ್ಲ. ಅದರ ಮುಂದೆ ನಾನು ನಿಂತಿದ್ದೆ.

ಮನೆಗೆ ಕರೆದುಕೊಂಡು ಹೋಗಿ ಎಂದು ಆಸ್ಪತ್ರೆಯವರು ಹೇಳಿದ ಮೇಲೆ, ಒಂದು ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ ಇದ್ದೆವು. ನಾನು ಆಕೆಯ ಕಾಲು ಒತ್ತುತ್ತ, “ಕಸ್ತೂರಿ, ಅವತ್ತ ದವಾಖಾನ್ಯಾಗ ನಾ —” ಎಂದೆ.

“ಗೊತ್ತದ.”

“ಸವಿತಾಗ ಹೇಳಿಬಿಡ್ತೀನಿ.”

ಆಕೆ ಕಣ್ಣು ಮುಚ್ಚಿದಳು. ಮಲಗಿದಳು ಎಂದುಕೊಂಡೆ. “ಈಗ ಬ್ಯಾಡ್ರಿ. ಆಕಿಗೆ ಅವ್ವನೂ ಇಲ್ಲ, ಅಪ್ಪನೂ ಇಲ್ಲ ಅಂತ ಆಗೂದು ಬ್ಯಾಡ. ನಿಮ್ಮ ಸಲುವಾಗಿ ಹೇಳ್ಲಿಕತ್ತಿಲ್ಲ ನಾ. ಆಕಿ ಸಲುವಾಗಿ.”

ಈ ಮಾತನ್ನು ನಾನು ಆರು ವರ್ಷ ಹೊದ್ದುಕೊಂಡು ಕೂತೆ. ಸತ್ತವಳ ಮಾತು ಮೀರಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಆಕೆ ಹೇಳಿದ್ದು ‘ಈಗ ಬೇಡ’ ಎಂದು. ಎಂದೂ ಬೇಡ ಎಂದಲ್ಲ. ಜೀವಮಾನವೆಲ್ಲ ಆಕೆಯ ಮಾತನ್ನು ತಿರುಚಿದವನು ಇದನ್ನೂ ತಿರುಚಿದೆ.

ಯುಗಾದಿಗೆ ಮುಂಚೆ ಹೋದಳು. ಊರಿನಿಂದ ಬಂದವರೆಲ್ಲ ಕೂತು ಅದನ್ನೇ ಆಡಿದರು. ನನ್ನ ತಂಗಿ ಶಾರದಾ, ಓಣಿಯ ಹೆಂಗಸರ ಮುಂದೆ, “ನಮ್ಮ ವೈನಿ ಬಂಗಾರದಂಥಾಕಿ. ಖರೆ ಹಿಂಗ ಮುಚ್ಚಿಟಗೊಂಡು ಜೀವಾ ಕಳಕೊಂಡ್ಲು ನೋಡ್ರಿ. ಅಣ್ಣ ಬಿಚಾರಾ ದವಾಖಾನಿಗೆ ಅಡ್ಡಾಡಿದ್ದಽ ಅಡ್ಡಾಡಿದ್ದು,” ಎಂದಳು. ಜನ ನನ್ನ ಕಡೆ ಕನಿಕರದಿಂದ ನೋಡಿದರು. ನಾನು ತಲೆಯಾಡಿಸಿದೆ. ಆ ಕನಿಕರ — ಹೇಳಿಯೇ ಬಿಡುತ್ತೇನೆ — ನನಗೆ ಹಿತವಾಗಿತ್ತು.

ಆಮೇಲಿನ ವರ್ಷಗಳಲ್ಲಿ ಕಸ್ತೂರಿ ನಮ್ಮ ಬಳಗದಲ್ಲಿ ಒಂದು ಪಾಠವಾದಳು. ಯಾವ ಹೆಣ್ಣುಮಗಳಿಗೆ ಸ್ವಲ್ಪ ಹುಷಾರಿಲ್ಲದಿದ್ದರೂ, ‘ಕಸ್ತೂರಿ ಹಂಗ ಮಾಡಬ್ಯಾಡ’.

ಹೋದ ತಿಂಗಳು ಕೋಥರೂಡಕ್ಕೆ ಹೋಗಿದ್ದೆ. ಮೊಮ್ಮಗಳಿಗೆ ಹದಿಮೂರು. ಹೊಟ್ಟೆ ಹಿಡಿದುಕೊಂಡು ಮಂಕಾಗಿ ಕೂತಿದ್ದಳು. ನಾನಿದ್ದುದಕ್ಕೆ ಹೇಳಲು ಹಿಂಜರಿಯುತ್ತಿದ್ದಳೇನೋ. ಸವಿತಾ ರೊಟ್ಟಿ ಬಡಿಯುತ್ತಲೇ ಒಳಗಿಂದ, “ಏನಾಗೇದ ಬಾಯಿಬಿಟ್ಟು ಹೇಳು. ನಿಮ್ಮಜ್ಜಿ ಹಂಗ ಮುಚ್ಚಿಟಗೊಂಡು ಕುಂದ್ರಬ್ಯಾಡ. ಆಕಿ ನಾಚಿಕಿ ನಾಚಿಕಿ ಅಂತ ಹೇಳಿ ನಮ್ಮನ್ನೆಲ್ಲಾ ಬಿಟ್ಟು ಹೋದ್ಲು,” ಎಂದಳು. ಮೊಮ್ಮಗಳು ತಲೆಯೆತ್ತಿ, “ಅಜ್ಜಿ ಅಷ್ಟು ದಡ್ಡಿ ಇದ್ಲಾ?” ಎಂದು ಕೇಳಿದಳು. ಅವಳಿಗೆ ಅಜ್ಜಿಯ ನೆನಪು ಮಸುಕು. ನಾವು ಹೇಳಿದ್ದೇ ಅವಳಿಗೆ ಅಜ್ಜಿ.

ನಾನು ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ.

ಮೊಮ್ಮಗಳು ಒಳಗೆ ಹೋಗಿ ಮಲಗಿದ ಮೇಲೆ ಸವಿತಾಳನ್ನು ಎದುರಿಗೆ ಕೂರಿಸಿಕೊಂಡು ಹೇಳಿದೆ. ಪರದೆ, ಪಾಟೀಲ, ಊಟ ಸೇರುವುದಿಲ್ಲ ಎಂದು ನಾನು ಸೇರಿಸಿದ್ದು, ದಾರಿಯಲ್ಲಿ ಆಕೆ ಕೇಳಿದ್ದು, ನಾನು ಕೊಟ್ಟ ಉತ್ತರ, ಎರಡನೆಯ ಸಲ. ಸವಿತಾ ಹಿಟ್ಟಿನ ಕೈಯಲ್ಲೇ ಕೂತಿದ್ದಳು. ಹಿಟ್ಟು ಒಣಗಿ ಬಿರಿಯಿತು. ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ.

“ಅವ್ವಗ ಗೊತ್ತಿತ್ತೇನು?”

“ಗೊತ್ತಿತ್ತು.”

“ನಾ ಅಷ್ಟೆಲ್ಲಾ ಬೈಯುಮುಂದ?”

“ಹೂಂ.”

“ನೀವು ಅಲ್ಲೇ ಇದ್ರಿ.”

ಅದು ಪ್ರಶ್ನೆಯಾಗಿರಲಿಲ್ಲ. ಆದರೂ ನಾನು ಹೂಂ ಎಂದೆ.

“ಕಡೀ ಎರಡ ತಿಂಗಳು, ಅಪ್ಪಾ. ನಾ ಆಕಿ ಕೂಡ ಒಂದ ಮಾತು ನೆಟ್ಟಗ ಆಡಲಿಲ್ಲ. ತಲಿ ಬಾಚುಮುಂದನೂ ಬೈದೆ.” ತನ್ನ ಕೈಗಳನ್ನೇ ನೋಡಿಕೊಂಡಳು. “ಅದನ್ನ ಹೆಂಗ ತಿರುಗಿ ಕೊಡ್ತೀರಿ ನನಗ?”

ಕಸ್ತೂರಿಯ ಆಯುಷ್ಯದ ಲೆಕ್ಕವನ್ನಷ್ಟೇ ನಾನು ಇಷ್ಟು ವರ್ಷ ಒಳಗೊಳಗೆ ಮಾಡುತ್ತಿದ್ದೆ. ಮಗಳಿಂದ ತಾಯಿಯ ಕೊನೆಯ ದಿನಗಳನ್ನೂ ಕಿತ್ತುಕೊಂಡಿದ್ದೇನೆ ಎನ್ನುವುದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ. ಅಷ್ಟು ನನ್ನದೇ ಚಿಂತೆಯಲ್ಲಿದ್ದೆ.

ಸವಿತಾ ಎದ್ದು ಕೈ ತೊಳೆದುಕೊಂಡಳು. ಬೆನ್ನು ತಿರುಗಿಸಿಯೇ ಹೇಳಿದಳು, “ಬರೇ ನನಗ ಹೇಳಿದ್ರ ಆಗೂದಿಲ್ಲ. ಅವ್ವನ ಹೆಸರು ತಗೊಂಡು ಆಡಿಕೊಂಡವರಿಗೆಲ್ಲಾ ನೀವಽ ಹೇಳ್ರಿ. ಈಗ ಮನಿಗೆ ಹೋಗ್ರಿ.”

ಬಂದೆ.

ಮೊದಲು ಶಾರದಾಳಿಗೆ ಫೋನ್ ಮಾಡಿದೆ. ಎಲ್ಲ ಕೇಳಿ, “ಇರ್ಲಿ ಬಿಡಣ್ಣಾ, ಆಗಿದ್ದಾತು. ಹೋದಾಕಿ ಹೋದ್ಲು. ಈಗ ಇದನ್ನೆಲ್ಲಾ ತಗದು ಏನ ಮಾಡೂದದ?” ಎಂದಳು. ಆಕೆ ನನ್ನನ್ನು ಉಳಿಸಲು ನೋಡುತ್ತಿದ್ದಳು. ಇಷ್ಟು ವರ್ಷ ಎಲ್ಲರೂ ನನ್ನನ್ನೇ ಉಳಿಸಿದ್ದಾರೆ. “ಬಿಡಬ್ಯಾಡ ಶಾರದಾ. ಯಾರ್ಯಾರ ಮುಂದ ವೈನಿ ಮುಚ್ಚಿಟ್ಲು ಅಂದೀಯೋ, ಅವರ ಮುಂದೆಲ್ಲಾ ನಮ್ಮಣ್ಣ ಮುಚ್ಚಿಟ್ಟ ಅಂತ ಹೇಳು,” ಎಂದೆ. ಆಕೆ ಹೂಂ ಅನ್ನಲಿಲ್ಲ. ಆಕೆ ಹೇಳುತ್ತಾಳೆಂಬ ನಂಬಿಕೆಯಿಲ್ಲ. ಅದಕ್ಕೇ ಬಳಗದವರೆಲ್ಲ ಓದಲಿ ಎಂದು ಇದನ್ನು ಬರೆದಿದ್ದೇನೆ. ಊರಿಗೆ ಹೋಗಿ ಒಂದೊಂದು ಮನೆಯಲ್ಲೂ ಕೂತು ನಾನೇ ಹೇಳುತ್ತೇನೆ.

ಸವಿತಾ ಇನ್ನೂ ಫೋನ್ ಮಾಡಿಲ್ಲ. ನಾನೂ ಮಾಡಿ ಕ್ಷಮಿಸು ಎಂದು ಕೇಳಿಲ್ಲ. ಕೇಳಿದರೆ ಅದೂ ಆಕೆಯ ಮೇಲೆ ಒಂದು ಭಾರವೇ. ಆಕೆ ಈಗ ತಾಯಿಯನ್ನು ಇನ್ನೊಮ್ಮೆ, ಮೊದಲಿನಿಂದ, ಸಿಟ್ಟಿಲ್ಲದೆ ಕಳೆದುಕೊಳ್ಳಬೇಕಾಗಿದೆ. ಅಲ್ಲಿ ನನಗೆ ಕೆಲಸವಿಲ್ಲ. ಕರೆದರೆ ಹೋಗುತ್ತೇನೆ. ಕರೆಯದಿದ್ದರೆ, ಆ ದೂರವನ್ನು ನಾನೇ ಮಾಡಿಕೊಂಡದ್ದು ಎಂದು ತಿಳಿದು ಇಲ್ಲಿಯೇ ಇರುತ್ತೇನೆ.